ಹೆಣದ ಪಾರ್ಟು

ಹೆಣವಾಗಲು ಯಾರೂ ಒಪ್ಪಲಿಲ್ಲ.

ರೋಗಿಗಳಾಗಲು ಬೇಕಾದಷ್ಟು ಜನ ಇದ್ದರು. ನರ್ಸಿಂಗ್ ಕಾಲೇಜಿನ ಹುಡುಗಿಯರು ನಾ ಮುಂದು ತಾ ಮುಂದು ಎಂದು ಬಂದಿದ್ದರು. ಒಬ್ಬಳಿಗೆ ಜ್ವರದ ಪಾರ್ಟು, ಒಬ್ಬಳಿಗೆ ಉಬ್ಬಸದ ಪಾರ್ಟು, ಇನ್ನೊಬ್ಬಳಿಗೆ ಬಾಗಿಲಲ್ಲಿ ನಿಂತು ಎದೆ ಬಡಿದುಕೊಳ್ಳುವ ಅತ್ತೆಯ ಪಾರ್ಟು. ಬೆಳಗಿನಿಂದ ಕಾರಿಡಾರಿನಲ್ಲಿ ಕೆಮ್ಮೋ ಕೆಮ್ಮು, ನಗುವೋ ನಗು. ಆದರೆ ಇಲಾಖೆಯಿಂದ ಬಂದ ಕಥೆಯ ಕೊನೆಗೆ ಒಬ್ಬರು ಸಾಯಬೇಕಿತ್ತು. ಸತ್ತವರನ್ನು ಚೀಲಕ್ಕೆ ಹಾಕಿ, ಜಿಪ್ಪೆಳೆದು, ನಾಲ್ಕು ಜನ ಹೊತ್ತು ಮರ್ಯಾದೆಯಿಂದ ಸಾಗಿಸುವುದನ್ನು ದೊಡ್ಡ ಸಾಹೇಬರಿಗೆ ತೋರಿಸಬೇಕಿತ್ತು. ಅಲ್ಲಿಗೆ ಬಂದು ನಾಟಕ ನಿಂತಿತು.

ಯಾವುದೋ ದೇಶದಲ್ಲಿ ಹೊಸ ಜ್ವರವೊಂದು ಎದ್ದಿದೆ ಎಂದು ಟೀವಿಯವರು ಕೂಗಲು ಶುರು ಮಾಡಿದ್ದರು. ಸರಕಾರಕ್ಕೆ ಕೊರೊನಾ ನೆನಪಾಯಿತು. ಕಳೆದ ಸಲ ಎಡವಿದೆವು, ಈ ಸಲ ಎಡವುವುದಿಲ್ಲ, ಪಾಠ ಕಲಿತಿದ್ದೇವೆ, ಅದನ್ನು ತೋರಿಸಿ ಎಂದು ಎಲ್ಲ ಆಸ್ಪತ್ರೆಗಳಿಗೂ ಆದೇಶ ಬಂತು. ಕಾಗದದ ಮೇಲೆ ಅದರ ಹೆಸರು ಅಣಕು ಕಸರತ್ತು. ಬಾಯಲ್ಲಿ ಡ್ರಿಲ್ಲು. ತುಮಕೂರು ರಸ್ತೆಯಲ್ಲಿ ಮಾದನಾಯಕನಹಳ್ಳಿ ದಾಟಿ, ಗೋಡೌನುಗಳ ಸಾಲಿನ ಹಿಂದೆ ಅಡಗಿ ಕೂತ ಕಲ್ಲುಗುಂಡಿಪಾಳ್ಯದ ಸರಕಾರಿ ಆಸ್ಪತ್ರೆಗೂ ಡ್ರಿಲ್ಲು ಬಂತು.

"ನಾನಾಗಲ್ಲಪ್ಪ, ಮುಂದಿನ ತಿಂಗ್ಳು ನಂದು ನಿಶ್ಚಿತಾರ್ಥ," ಎಂದಳು ಜ್ವರದ ಪಾರ್ಟಿನವಳು.

"ಮಾಲೆ ಹಾಕಿದೀನಿ ಮೇಡಂ. ಹೆಣದ ಚೀಲಕ್ಕೆ ಹೋದ್ರೆ ಗುರುಸ್ವಾಮಿ ಸುಮ್ನೆ ಬಿಡ್ತಾರಾ?" ಎಂದ ವಾರ್ಡ್‌ಬಾಯ್.

ಇಲಾಖೆಯಿಂದ ಬಂದಿದ್ದ ಶಿವಾನಿ ಎಂಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು. ಡ್ರಿಲ್ಲಿನ ಕಥೆ ಬರೆದವಳು ಅವಳೇ. "ಅಯ್ಯೋ, ಇದು ಬರೀ ರೋಲ್ ಪ್ಲೇ ಕಣ್ರೀ. ಐದು ನಿಮಿಷ ಮಲಗಿದ್ರೆ ಏನಾಗತ್ತೆ?"

"ಹಂಗಾದ್ರೆ ನೀವೇ ಮಲ್ಕೊಳಿ ಮೇಡಂ," ಎಂದು ಹಿಂದಿನಿಂದ ಯಾರೋ ಅಂದರು. ಕಿಸಕ್ಕೆಂದು ನಗು ಎದ್ದಿತು. ಶಿವಾನಿ ಲ್ಯಾಪ್‌ಟಾಪ್ ಮುಚ್ಚಿದಳು. "ನಾನು ಅಬ್ಸರ್ವರ್," ಎಂದಳು.

ಆಗ ಶೇಖರಪ್ಪ ಮುಂದೆ ಬಂದ. ಕಸ ಗುಡಿಸುವ, ನೆಲ ಒರೆಸುವ ಗುತ್ತಿಗೆ ಜನರ ಮೇಲೆ ಇವನು ಸೂಪರ್‌ವೈಸರ್. ಎಲ್ಲಿ ಏನು ಸಿಕ್ಕಿಕೊಂಡರೂ ಇವನ ಹತ್ತಿರ ಒಂದೇ ಕೀಲಿಕೈ.

"ಅದಕ್ಯಾಕೆ ಮೇಡಂ ತಲೆ ಕೆಡಿಸ್ಕೋತೀರಾ. ನಮ್ ಪಿಳ್ಳಮ್ಮ ಇದಾಳಲ್ಲ. ಅವ್ರಿಗೆಲ್ಲ ಇದು ಅಭ್ಯಾಸ."

ಅವ್ರಿಗೆಲ್ಲ. ಆ ಒಂದು ಮಾತಿನಲ್ಲಿ ಊರು ಬೇರೆ, ಕೇರಿ ಬೇರೆಯಾಯಿತು. ಯಾರೂ ಬಿಡಿಸಿ ಕೇಳಲಿಲ್ಲ. ಕೇಳಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ.

ಪಿಳ್ಳಮ್ಮ ಕಾರಿಡಾರಿನ ತುದಿಯಲ್ಲಿ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಳು. ಅವಳ ಕೈ ನೆಲದ ಮೇಲಿತ್ತು, ಕಿವಿ ಗೋಡೆಯ ಆಚೆಗಿತ್ತು. ಗೋಡೆಯ ಆಚೆ ಹೊಂಗೆಮರದ ಕೆಳಗೆ ಅವಳ ಮಗಳು ಲಾವಣ್ಯ ಉಸಿರಿಗೆ ಒದ್ದಾಡುತ್ತ ಕೂತಿದ್ದಳು.

ಲಾವಣ್ಯ ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡುವ ಕಾರ್ಖಾನೆಗೆ ಹೋಗುವವಳು. ಕಬ್ಬಿಣದ ಬೀರು, ಕಪಾಟು, ಕುರ್ಚಿಯ ಕಾಲು, ಎಲ್ಲಕ್ಕೂ ಬಣ್ಣದ ಪುಡಿ ಊದುವ ಕೆಲಸ. ಸಂಜೆ ಮನೆಗೆ ಬಂದು ಮೂಗು ಸೀಟಿದರೆ ಒಂದು ದಿನ ನೀಲಿ, ಒಂದು ದಿನ ಹಳದಿ. "ಅಮ್ಮ, ಇವತ್ತು ನನ್ ಮೂಗಲ್ಲಿ ಹೋಳಿ," ಎಂದು ನಗುತ್ತಿದ್ದಳು. ಆ ಪುಡಿ ಎದೆಗಿಳಿದು ಗೂಡು ಕಟ್ಟಿತ್ತು. ಆಗಾಗ ಉಬ್ಬಸ ಬರುವುದು, ಆಸ್ಪತ್ರೆಗೆ ತಂದು ಮೂಗಿಗೆ ಹೊಗೆ ಕೊಡುವ ಮಷೀನು ಹಿಡಿಸುವುದು, ಮನೆಗೆ ಹೋಗುವುದು. ಇವತ್ತೂ ಹಾಗೇ ಎಂದುಕೊಂಡು ಪಿಳ್ಳಮ್ಮ ಶೇರ್ ಆಟೋದಲ್ಲಿ ಅವಳನ್ನು ಒರಗಿಸಿಕೊಂಡು ಕೆಲಸಕ್ಕೆ ಬಂದಿದ್ದಳು. ಗೇಟಿನಲ್ಲಿ ಹಳದಿ ಪಟ್ಟಿ ಕಟ್ಟಿತ್ತು. ಹೋಂಗಾರ್ಡು ಕೋಲು ಅಡ್ಡ ಹಿಡಿದ.

"ಇವತ್ತು ಓಪಿಡಿ ಇಲ್ಲ. ಡ್ರಿಲ್ಲು."

"ನಾನಿಲ್ಲೇ ಕೆಲ್ಸುದೋಳು ಕಣಪ್ಪ. ನನ್ ಮಗಳು."

"ನೀನು ಹೋಗು. ನಿನ್ ಮಗಳು ಪೇಷಂಟು. ಪೇಷಂಟ್ ಒಳಗ್ ಬಿಡಂಗಿಲ್ಲ."

ಆಸ್ಪತ್ರೆಯ ಗೇಟಿನಲ್ಲಿ ನಿಂತು ಒಬ್ಬ ಆಡಿದ ಮಾತು ಇದು. ಪೇಷಂಟು, ಅದಕ್ಕೇ ಒಳಗೆ ಬಿಡುವಂತಿಲ್ಲ.

ಪಿಳ್ಳಮ್ಮ ಒಳಗೆ ಬಂದು ಮೊದಲು ಹಿಡಿದದ್ದು ಸಿಸ್ಟರ್ ಮಹಾಂತಮ್ಮನ ಸೆರಗನ್ನು. ಹೊಗೆಯ ಮಷೀನನ್ನು ಒಂದು ಗಳಿಗೆ ಕೊಡಿ, ಗೋಡೆಯ ಮೇಲಿಂದ ಕೊಟ್ಟು ಮತ್ತೆ ತಂದಿಡುತ್ತೇನೆ ಎಂದಳು. ಮಹಾಂತಮ್ಮ ಅಂಗಳದಲ್ಲಿದ್ದ ಮೇಜು ತೋರಿಸಿದಳು. ಬಿಳಿ ಬಟ್ಟೆಯ ಮೇಲೆ ಮಷೀನು, ಮಾಸ್ಕು, ಕೈಗವಸು, ಗಾಜಿನ ಸೀಸೆಗಳು, ಎಲ್ಲವೂ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಹೊಸದಾಗಿ ಕರಿ ಬಣ್ಣ ಬಳಿದ ಆಕ್ಸಿಜನ್ ಸಿಲಿಂಡರುಗಳು. ಕುತ್ತಿಗೆಗೆ ಚೆಂಡುಹೂವಿನ ಹಾರ.

"ಸಾಹೇಬ್ರು ಬಂದು ನೋಡೂತನಕ ಯಾರೂ ಮುಟ್ಟೂ ಹಂಗಿಲ್ಲ ಅಂದಾರವಾ. ನನ್ನ ಕೈಯಾಗ ಏನೈತಿ?"

ಹೆಂಗಸು ಕೆಟ್ಟವಳಲ್ಲ. ಕಣ್ಣಲ್ಲಿ ನೀರೂ ಬಂತು. ನೀರು ಬಂದ ಕಣ್ಣಿನಿಂದಲೇ ಮೇಜನ್ನು ಕಾಯುತ್ತ ನಿಂತಳು.

ಈಗ ಶೇಖರಪ್ಪ ಪಿಳ್ಳಮ್ಮನ ಮುಂದೆ ಬಂದು ಮಾಪು ಕಿತ್ತುಕೊಂಡ.

"ಬಿಡು ಅದನ್ನ. ನಿಂಗೊಂದು ಒಳ್ಳೆ ಕೆಲ್ಸ ಬಂದಿದೆ. ಮಲಗೋ ಕೆಲ್ಸ."

"ನನ್ ಮಗಳು ಆಚೆ ಸಾಯ್ತಾವ್ಳೆ ಸಾ."

"ಅದಕ್ಕೇ ಹೇಳ್ತಿರೋದು. ಬಾ."

ಡಾಕ್ಟರ್ ವಿಶ್ವನಾಥರ ಕೋಣೆಗೆ ಎಳೆದುಕೊಂಡು ಹೋದ. ಬಾಗಲಕೋಟೆ ಕಡೆಯವರು, ಯಶವಂತಪುರದ ಅಪಾರ್ಟ್‌ಮೆಂಟಿನಿಂದ ದಿನಾ ಬರುವವರು. ಬೇರೆ ದಿನವಾದರೆ ಲಾವಣ್ಯಳನ್ನು ಹೆಸರು ಹಿಡಿದು ಮಾತಾಡಿಸುವವರು. ಇವತ್ತು ಟೈ ಕಟ್ಟಿದ್ದರು. ಟೈ ಕುತ್ತಿಗೆಯನ್ನು ಹಿಸುಕುತ್ತಿತ್ತು.

"ನೋಡು ಪಿಳ್ಳಮ್ಮ, ಈಗ ನಾ ಗೇಟಿನ ಹೊರಗ ಹೋದ್ನಿ ಅಂದ್ರ, ಅಷ್ಟರಾಗ ಸಾಹೇಬ್ರು ಬಂದ್ರು ಅಂದ್ರ, ನನ್ನ ಕಥಿ ಮುಗೀತು. ಡ್ರಿಲ್ ಮುಗೀಲಿ. ಮೊದಲ ಕೇಸ್ ನಿನ್ನ ಮಗಳದ. ನಾನ ಎತ್ಕೊಂಡು ಬರ್ತೀನಿ, ಆತಿಲ್ಲ?"

"ಒಂದ್ ಸಲ ನೋಡ್ಬುಡಿ ಸಾ. ಬರೀ ನೋಡಿ."

"ಹೆಣ ಸಿಕ್ಕಿಲ್ಲ ಅಂತ ಡ್ರಿಲ್ ನಿಂತೈತಿ. ನೀ ಒಪ್ಪಿದಷ್ಟು ಲಗೂ ಮುಗೀತದ."

ಅಂದರೆ ಲೆಕ್ಕ ಹೀಗಾಯಿತು: ತಾಯಿ ಬೇಗ ಸತ್ತರೆ ಮಗಳು ಬೇಗ ಬದುಕುತ್ತಾಳೆ. ಪಿಳ್ಳಮ್ಮ ತಲೆ ಆಡಿಸಿದಳು.

ಈ ಆಸ್ಪತ್ರೆಯಲ್ಲಿ ಸಾಯುವುದು ಅವಳ ಮನೆಗೆ ಹೊಸದಲ್ಲ. ಗಂಡ ಹನುಮಂತಯ್ಯ ಊರಿನ ಹೆಣಗಳಿಗೆ ಗುಣಿ ತೋಡುವವನು. ಅವನ ಅಪ್ಪ ತೋಡಿದ್ದ, ತಾತ ತೋಡಿದ್ದ. ಊರಿನ ಜಮೀನೆಲ್ಲ ಗೋಡೌನುಗಳಾದವು, ಊರಿನವರು ಬಾಡಿಗೆ ಎಣಿಸುತ್ತ ಕೂತರು, ಇವನ ಹಾರೆ ಮಾತ್ರ ಇವನ ಕೈಯಲ್ಲೇ ಉಳಿಯಿತು. ಕೊರೊನಾದ ಎರಡನೇ ಅಲೆಯಲ್ಲಿ ಹೆತ್ತ ಅಪ್ಪನ ಹೆಣವನ್ನು ಮಕ್ಕಳು ಮುಟ್ಟದೆ ಕಾರಿನ ಗಾಜು ಏರಿಸಿಕೊಂಡು ಕೂತಾಗ, ಆಸ್ಪತ್ರೆಯವರು ಇವನನ್ನು ಕರೆಸಿದರು. ಹೊತ್ತ, ಹೊತ್ತ, ಕೊನೆಗೆ ಅವನಿಗೇ ಬಂತು. ಇದೇ ಕಾರಿಡಾರಿನಲ್ಲಿ, ಕಿಟಕಿಯ ಕೆಳಗೆ, ಬರಿ ಕೈಯಿಂದ ಮುಖಕ್ಕೆ ಗಾಳಿ ಬೀಸಿಕೊಳ್ಳುತ್ತ ಬೀಸಿಕೊಳ್ಳುತ್ತ ಸತ್ತ. ಆಕ್ಸಿಜನ್ ಇರಲಿಲ್ಲ. ಆ ಟೈಲ್ಸನ್ನು ಪಿಳ್ಳಮ್ಮ ದಿನಾ ಒರೆಸುತ್ತಾಳೆ.

ಅಂಥವರು ಸತ್ತದ್ದರಿಂದ ಸರಕಾರ ಒಂದು ಪಾಠ ಕಲಿಯಿತು. ಆಸ್ಪತ್ರೆಯ ಹಿಂದೆ ತಗಡಿನ ಶೆಡ್ಡು ಹಾಕಿ ಆಕ್ಸಿಜನ್ ಪ್ಲಾಂಟು ಕೂರಿಸಿತು. ಟೇಪು ಕತ್ತರಿಸಿದರು, ಫೋಟೋ ತೆಗೆದರು, ಬೂಂದಿ ಹಂಚಿದರು. ಕೆಲವು ದಿನ ಗುರ್ರೆಂದಿತು. ಆಮೇಲೆ ಏನೋ ಕೆಟ್ಟಿತು. ರಿಪೇರಿಗೆ ಬರೆದರು. ನಡೆಸಲು ಆಳು ಕೊಡಿ ಎಂದು ಬರೆದರು. ಬರೆಯುತ್ತಲೇ ಇದ್ದಾರೆ. ಶೆಡ್ಡಿನಲ್ಲಿ ಈಗ ಪಾರಿವಾಳಗಳ ಸಂಸಾರ. ಇವತ್ತಿನ ಡ್ರಿಲ್ಲಿಗೆ ಬಾಡಿಗೆ ಜನರೇಟರ್ ತಂದು ಆ ಪ್ಲಾಂಟಿನ ಹಸಿರು ದೀಪ ಉರಿಸುವ ಏರ್ಪಾಡಾಗಿತ್ತು. ದೀಪ ಮಾತ್ರ. ಗಾಳಿ ಇಲ್ಲ.

ಚೀಲಕ್ಕೆ ಇಳಿಯುವ ಮುಂಚೆ ಪಿಳ್ಳಮ್ಮ ಗೋಡೆಯ ಬಳಿ ಓಡಿದಳು. ಒಂದು ಕಡೆ ಕಲ್ಲು ಕುಸಿದು ಕಿಂಡಿಯಾಗಿತ್ತು. ಲಾವಣ್ಯ ಎರಡೂ ಕೈ ಮಂಡಿಯ ಮೇಲೂರಿ ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ಕುತ್ತಿಗೆಯ ಗುಳಿ ಒಳಗೊಳಗೆ ಹೋಗುತ್ತಿತ್ತು.

"ಒಸಿ ತಡ್ಕೊ ಮಗ. ಡ್ರಿಲ್ಲಲ್ಲಿ ನಂಗೊಂದು ಪಾರ್ಟು ಕೊಟ್ಟವ್ರೆ. ಅದು ಮುಗುದ್ರೆ ಡಾಕ್ಟ್ರು ಫಸ್ಟು ನಿನ್ನೇ ನೋಡ್ತಾರಂತೆ."

"ಏನ್... ಪಾರ್ಟು?"

"ಎಣದ್ದು."

ಲಾವಣ್ಯ ನಗಲು ನೋಡಿದಳು. ನಗೆ ಕೆಮ್ಮಾಯಿತು. "ಡೈಲಾಗ್... ಇದ್ಯಾ?"

"ಎಣಕ್ಕೆಲ್ಲಿ ಡೈಲಾಗೇ, ತರ್ಲೆ."

"ಮಲ್ಕೊಂಡ್ರೆ... ಸಂಬ್ಳ. ನಂಗೂ... ಒಂದ್... ಕೊಡ್ಸು." ಆಮೇಲೆ ಕಿಂಡಿಯಲ್ಲಿ ಕೈ ತೂರಿಸಿ ತಾಯಿಯ ಬೆರಳು ಹಿಡಿದಳು. ಬೆರಳು ತಣ್ಣಗಿತ್ತು. "ದೂರ... ಹೋಗ್ಬೇಡಮ್ಮ."

"ಎಲ್ ಓಗ್ಲಿ? ಚೀಲನ ಇಲ್ಲೇ ಗೋಡೆ ಪಕ್ಕ ಇಡಾಕೇಳ್ತೀನಿ. ನೀನು ಕೆಮ್ತಾ ಇರು. ನಂಗ್ ಕೇಳುಸ್ತಾ ಇರ್ಲಿ."

ಒಳಗೆ ಅವಳನ್ನು ತಯಾರು ಮಾಡಿದರು. ರಿಯಲ್ ಆಗಿ ಕಾಣಬೇಕು ಎಂದು ಶೇಖರಪ್ಪ ಪಕ್ಕದಲ್ಲೇ ನಿಂತು ಹೇಳಿಕೊಟ್ಟ. ಮೂಗಿಗೆ ಹತ್ತಿ ಇಡಿ. ಇಟ್ಟರು. ಗದ್ದಕ್ಕೆ ಬಟ್ಟೆ ಕಟ್ಟಿ. ಕಟ್ಟಿದರು. ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಬ್ಯಾಂಡೇಜು ಸುತ್ತಿ.

"ತಾಳಿ ಗೀಳಿ ಇದ್ರೆ ತೆಗ್ದಿಡು."

"ಅದು ಅವತ್ತೇ ಓಯ್ತಲ್ಲ ಸಾ, ಇದೇ ಆಸ್ಪತ್ರೇಲಿ."

ನರ್ಸಿಂಗ್ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನೋಡಿದರು. ಮಹಾಂತಮ್ಮ "ಶಿವ ಶಿವಾ" ಎನ್ನುತ್ತ ಹೆಬ್ಬೆರಳು ಕಟ್ಟಿ, ಹೋಗಿ ಕೈ ತೊಳೆದುಕೊಂಡು ಬಂದಳು. ಬದುಕಿರುವ ಹೆಂಗಸನ್ನು ಮುಟ್ಟಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು. ಪಿಳ್ಳಮ್ಮ ನೋಡಿದಳು. ಜಿಪ್ಪು ಕಾಲಿನಿಂದ ಮುಖದವರೆಗೆ ಬಂತು. ಬೆಳಕು ಹೋಯಿತು.

ಹೊರಲು ಪಿಳ್ಳಮ್ಮನ ಕಾಲೋನಿಯ ಗಂಡಸರೇ ಬಂದರು. ಬೇರೆ ಯಾರು ಬರುತ್ತಾರೆ? ಬಿಳಿ ಪ್ಲಾಸ್ಟಿಕ್ ಕಿಟ್ಟಿನೊಳಗೆ ಬೆವರುತ್ತ ಚೀಲದ ಮೂಲೆಗಳನ್ನು ಹಿಡಿದರು. ತಲೆಯ ಕಡೆ ಈಶಪ್ಪ, ಗಂಡನ ದಾಯಾದಿ.

"ಏನ್ ತೂಕನೇ ಪಿಳ್ಳಕ್ಕ ನೀನು. ಸತ್ ಮೇಲೆ ಜಾಸ್ತಿ ಆದಂಗದೆ."

"ಮುಚ್ಕೊಂಡ್ ಎತ್ಲಾ," ಎಂದಿತು ಚೀಲ. "ಗೋಡೆ ಪಕ್ಕ ಇಕ್ಕು, ಮರದತ್ರ."

ಇಟ್ಟರು. ಸಿಮೆಂಟು ನೆಲ ಕಾದಿತ್ತು. ಪ್ಲಾಸ್ಟಿಕ್ಕು ಬೆನ್ನಿಗೆ, ಕೆನ್ನೆಗೆ, ತುಟಿಗೆ ಅಂಟಿತು. ಬಿಟ್ಟ ಉಸಿರೇ ಮತ್ತೆ ಮೂಗಿಗೆ ಬಂತು. ಗೋಡೆಯ ಆಚೆಯಿಂದ ಕೆಮ್ಮು. ಸರಿ, ಇದ್ದಾಳೆ. ಮತ್ತೊಂದು ಕೆಮ್ಮು. ಇದ್ದಾಳೆ.

ಸಾಹೇಬರ ಕಾರು ತಡವಾಗಿ ಬಂತು. ತಡವಾಗಿ ಬಂದದ್ದಕ್ಕೆ ಜ್ಯೂಸು ಕುಡಿದರು. ಜ್ವರದವಳು ಬಂದಳು, ಉಬ್ಬಸದವಳು ಬಂದಳು, ಆಂಬುಲೆನ್ಸ್ ಕಾಂಪೌಂಡಿನೊಳಗೇ ಒಂದು ಸುತ್ತು ಹಾಕಿ ಸೈರನ್ ಬಾರಿಸಿತು. ಅತ್ತೆ ಚೆನ್ನಾಗಿ ಅತ್ತಳು. ಚಪ್ಪಾಳೆ ಬಿತ್ತು. ಜನರೇಟರ್ ಗುಡುಗಿತು, ಹಸಿರು ದೀಪ ಉರಿಯಿತು, ಮತ್ತೆ ಚಪ್ಪಾಳೆ. ಆ ಸದ್ದಿನಲ್ಲಿ ಪಿಳ್ಳಮ್ಮನಿಗೆ ಕೆಮ್ಮು ಕೇಳಿಸಲಿಲ್ಲ. ಜನರೇಟರ್ ನಿಲ್ಲಲಿ ಎಂದು ಹಲ್ಲು ಕಚ್ಚಿ ಕಾದಳು.

ಸಾಹೇಬರು ಮಾತಾಡಬೇಕಿತ್ತು. ಜನರೇಟರ್ ನಿಲ್ಲಿಸಿದರು.

"ಎರಡನೇ ಅಲೆಯಲ್ಲಿ ಇದೇ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಿಂದ ಸಾವುಗಳಾದವು. ಅದನ್ನ ನಾವು ಮುಚ್ಚಿಡಲ್ಲ. ಆದರೆ ಆ ಸಾವುಗಳು ವ್ಯರ್ಥ ಆಗಲಿಲ್ಲ. ನಾವು ಕಲಿತ್ವಿ. ಇವತ್ತು ನಾವು ಸನ್ನದ್ಧ..."

ಪಿಳ್ಳಮ್ಮ ಕೆಮ್ಮಿಗೆ ಕಾದಳು.

ಎಲೆ ಅಲುಗಿದ್ದು ಕೇಳಿಸಿತು. ತುಮಕೂರು ರಸ್ತೆಯ ಲಾರಿ ಕೇಳಿಸಿತು. ಕೆಮ್ಮು ಕೇಳಿಸಲಿಲ್ಲ.

"ಲಾವಣ್ಯ," ಎಂದಳು. ಗದ್ದಕ್ಕೆ ಕಟ್ಟಿದ ಬಟ್ಟೆ ಬಿಗಿದು ಅದು ಬರೀ ಊಳಿನಂತೆ ಹೊರಟಿತು. ಕೈ ಎತ್ತಿ ಜಿಪ್ಪು ಹುಡುಕಿದಳು. ಹೆಣದ ಚೀಲಕ್ಕೆ ಒಳಗಿನಿಂದ ಬಿಚ್ಚುವ ಹಿಡಿ ಇರುವುದಿಲ್ಲ. ಯಾಕಿರಬೇಕು? ಮುಷ್ಟಿಯಿಂದ ಗುದ್ದಿದಳು, ಮಂಡಿಯಿಂದ ಒದ್ದಳು. ಹುಡುಗಿಯರು ಕಿಟಾರನೆ ಕಿರುಚಿ ಹಿಂದಕ್ಕೆ ಓಡಿದರು.

"ಬಿಚ್ಚೋ ಈಶಪ್ಪಾ!" ಗದ್ದದ ಬಟ್ಟೆ ಜಾರಿಸಿ ಚೀಲದೊಳಗಿಂದ ಕೂಗಿದಳು.

"ಏಯ್, ಬಿಚ್ಬೇಡ!" ಶೇಖರಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ಸಾಹೇಬ್ರು ಮಾತಾಡ್ತಿದಾರೆ. ಎರಡ್ ನಿಮಿಷ ಸುಮ್ನೆ ಸಾಯಕ್ಕಾಗಲ್ವೇನೇ ನಿಂಗೆ?"

ಈಶಪ್ಪ ಶೇಖರಪ್ಪನನ್ನು ನೋಡಿದ. ಚೀಲವನ್ನು ನೋಡಿದ. ಬಗ್ಗಿ ಜಿಪ್ಪನ್ನು ಒಂದೇ ಸಲಕ್ಕೆ ಎಳೆದ.

ಪಿಳ್ಳಮ್ಮ ಎದ್ದಳು. ಎದ್ದವಳು ಒಂದು ಹೆಜ್ಜೆ ಇಡುವಷ್ಟರಲ್ಲಿ ಮುಖ ಅಡಿಯಾಗಿ ಬಿದ್ದಳು. ಹೆಬ್ಬೆರಳು ಕಟ್ಟಿದ್ದರು. ತುಟಿ ಒಡೆಯಿತು. ಕೂತು ಬ್ಯಾಂಡೇಜು ಕಿತ್ತಳು, ಮೂಗಿನ ಹತ್ತಿ ಕಿತ್ತಳು, ಗದ್ದದ ಬಟ್ಟೆ ಕುತ್ತಿಗೆಯಲ್ಲೇ ನೇತಾಡುತ್ತ ಗೇಟಿಗೆ ಓಡಿದಳು. ಹೋಂಗಾರ್ಡು ಹೆದರಿ ದಾರಿ ಬಿಟ್ಟ. ಹಳದಿ ಪಟ್ಟಿ ಎದೆಗೆ ಸಿಕ್ಕಿ ಹರಿಯಿತು.

ಲಾವಣ್ಯ ಮರದ ಬುಡಕ್ಕೆ ವಾಲಿದ್ದಳು. ಕಣ್ಣು ತೆರೆದಿತ್ತು. ಎದೆ ಏಳುತ್ತಿತ್ತು, ಆದರೆ ಸದ್ದಿರಲಿಲ್ಲ. ಪಿಳ್ಳಮ್ಮ ಬೆನ್ನಿನ ಮೇಲೆ ಹೊತ್ತಳು. ಹೊತ್ತು ಗೇಟಿನೊಳಗೆ ಬಂದು ಅಂಗಳದ ನಡುವೆ, ಹಾರ ಹಾಕಿದ ಸಿಲಿಂಡರುಗಳ ಮುಂದೆ ಇಳಿಸಿದಳು.

ಸಾಹೇಬರ ಮುಖ ಅರಳಿತು.

"ಓ! ಸರ್‌ಪ್ರೈಸ್ ಕೇಸ್ ಇಟ್ಟಿದ್ದೀರಾ? ವೆರಿ ಗುಡ್. ಇದು ಬೇಕು. ಕ್ರೈಸಿಸ್ ಅನ್ನೋದು ಹೇಳಿ ಬರಲ್ಲ." ವಾಚು ನೋಡಿಕೊಂಡರು. "ರೆಸ್ಪಾನ್ಸ್ ಟೈಮ್ ನೋಡೋಣ. ಯಾರೂ ಹಿಂಟ್ ಕೊಡ್ಬೇಡಿ."

ಯಾರೂ ಹಿಂಟ್ ಕೊಡಲಿಲ್ಲ. ಯಾರೂ ಅಲುಗಲೂ ಇಲ್ಲ. ಎಲ್ಲರಿಗೂ ಒಂದೊಂದು ಪಾರ್ಟು ಕೊಟ್ಟಿದ್ದರು. ಈ ರೋಗಿ ಯಾರ ಪಾರ್ಟಿಗೂ ಬಂದಿರಲಿಲ್ಲ.

"ನಾಟ್ಕ ಅಲ್ಲ ಸಾ! ನನ್ ಮಗಳು ಸಾ! ಉಸ್ರು ನಿಂತೋಯ್ತದೆ ಸಾ!"

"ಚೆನ್ನಾಗ್ ಮಾಡ್ತಾಳೆ ಈಕೆ," ಎಂದರು ಸಾಹೇಬರು ಶಿವಾನಿಯ ಕಡೆ ತಿರುಗಿ. "ಲೋಕಲ್ ಟ್ಯಾಲೆಂಟಾ?"

ಶಿವಾನಿಯ ಬಾಯಿ ತೆರೆದಿತ್ತು. ಒಬ್ಬ ನರ್ಸಿಂಗ್ ಹುಡುಗಿ ಧೈರ್ಯ ಮಾಡಿ ಮಾಸ್ಕು ತಂದು ಲಾವಣ್ಯಳ ಮುಖಕ್ಕೆ ಹಾಕಿ, ಕಲಿಸಿಕೊಟ್ಟಂತೆ ಸಾಹೇಬರ ಕಡೆ ತಿರುಗಿ ನಿಂತಳು. ಮಾಸ್ಕಿನ ಕೊಳವೆಯ ಇನ್ನೊಂದು ತುದಿ ಗಾಳಿಯಲ್ಲಿ ತೂಗುತ್ತಿತ್ತು. ಪಿಳ್ಳಮ್ಮ ಆ ತುದಿ ಹಿಡಿದುಕೊಂಡು ಸಿಲಿಂಡರಿಗೆ ಜೋತುಬಿದ್ದಳು. ಅದರ ತಿರುಪು ತಿರುಗಿಸಿದಳು. ಇನ್ನೊಂದರದ್ದು ತಿರುಗಿಸಿದಳು. ಮೂರನೆಯದನ್ನು ಅಪ್ಪಿ ಎಳೆದಳು. ಹಸಿ ಬಣ್ಣ ಕೈಗೆ, ಸೀರೆಗೆ ಬಳಿಯಿತು. ಸಿಲಿಂಡರು ಉರುಳಿ ಖಾಲಿ ಕೊಡದಂತೆ ಠಣಠಣ ಅಂದಿತು.

"ಅವು ಖಾಲಿ ಅದಾವವಾ," ಮಹಾಂತಮ್ಮ ಅಳುತ್ತ ಅಂದಳು. "ಫೋಟೋಕ್ಕಂತ ತಂದಾವ."

ಆಗ ವಿಶ್ವನಾಥರು ಓಡಿ ಬಂದು ಮಂಡಿಯೂರಿದರು. ಲಾವಣ್ಯಳ ಉಗುರು ನೋಡಿದರು. ನೀಲಿ. ಕುತ್ತಿಗೆಗೆ ಬೆರಳಿಟ್ಟರು. ಟೈ ಕಿತ್ತು ಬಿಸಾಡಿದರು.

"ಸರ್, ಇದು ಡ್ರಿಲ್ ಅಲ್ರೀ ಸರ್. ಖರೆ ಪೇಷಂಟ್ ಐತ್ರೀ."

ಸಾಹೇಬರು ವಾಚಿನಿಂದ ಕಣ್ಣೆತ್ತಿದರು. ಡಾಕ್ಟರು ಮೇಜಿನ ಮೇಲಿದ್ದ ಸೀಸೆ ಎತ್ತಿಕೊಂಡರು. ಅದರಲ್ಲಿ ಔಷಧಿ ಇರಲಿಲ್ಲ, ನೀರಿತ್ತು. ಔಷಧಿಯ ಬೀರುವಿಗೆ ಬೀಗ. ಬೀಗದ ಕೈ ಇದ್ದವನು ಊಟದ ವ್ಯಾನಿನ ಜೊತೆ ಹೋಗಿದ್ದ.

"ಆಂಬುಲೆನ್ಸ್!" ಎಂದು ಕೂಗಿದರು.

"ಸಾರ್, ಸೆಕೆಂಡ್ ರೌಂಡಿಗೆ ಗಾಡಿ ಬೇಕಲ್ಲ..." ಶೇಖರಪ್ಪ ಶುರು ಮಾಡಿದ.

ಡ್ರೈವರ್ ಈರೇಶ್ ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದಿದ್ದ. "ನಿನ್ ಸೆಕೆಂಡ್ ರೌಂಡ್ ಮನೆ ಹಾಳಾಗ. ಹತ್ತಕ್ಕ, ಹತ್ತು ನೀನು."

ಗಾಡಿಯ ಸಿಲಿಂಡರಿನಲ್ಲಿ ತಳಕ್ಕೆ ಒಂದಿಷ್ಟು ಗಾಳಿ ಇತ್ತು. ಅದು ದಾಸರಹಳ್ಳಿವರೆಗೆ ಬಂತು. ಆಮೇಲೆ ಪಿಳ್ಳಮ್ಮ ಬಾಯಿಗೆ ಬಾಯಿ ಹಚ್ಚಿ ತನ್ನ ಉಸಿರನ್ನೇ ಊದಿದಳು. ಊದಿದಳು. ಊದಿದಳು. ಈರೇಶ್ ಸೈರನ್ ಬಾರಿಸುತ್ತ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಲಾರಿಗಳಿಗೆ ಕೈ ಮುಗಿಯುತ್ತ ಓಡಿಸಿದ. ಪೀಣ್ಯದ ಹತ್ತಿರ, ಲಾವಣ್ಯ ಬಣ್ಣ ಊದುತ್ತಿದ್ದ ಕಾರ್ಖಾನೆಗೆ ತಿರುಗುವ ರಸ್ತೆಯ ಬಾಯಲ್ಲಿ, ಟ್ರಾಫಿಕ್ಕು ನಿಂತಿತು.

ಲಾವಣ್ಯ ಗೊರಗುಂಟೆಪಾಳ್ಯದ ಸಿಗ್ನಲ್ ದಾಟಲಿಲ್ಲ.

ಅವಳ ಗುಣಿಯನ್ನು ಈಶಪ್ಪ ತೋಡಿದ. ಹಾಲುತುಪ್ಪ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಮಹಾಂತಮ್ಮ ಬಾಳೆಹಣ್ಣು ಹಿಡಿದು ಕಾಲೋನಿಗೆ ಬಂದಳು. ಹೊಸಿಲ ಹೊರಗೇ ಕೂತಳು.

"ಮೀಟಿಂಗ್ ಮಾಡಿದ್ರವಾ. ತಪ್ಪು ಏನಾತು, ಏನು ಕಲಿತ್ವಿ ಅಂತ."

"ಏನ್ ಕಲ್ತ್ರಂತೆ?"

ಮಹಾಂತಮ್ಮ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. "ಇನ್ನ ಮ್ಯಾಲೆ ಡ್ರಿಲ್ ದಿನ ಪೇಷಂಟ್‌ಗಳನ್ನ ಗೇಟಿನಿಂದ ದೂರ, ಮೇನ್‌ರೋಡಿನ್ಯಾಗ ನಿಲ್ಲಿಸಬೇಕಂತ. ಮತ್ತ..."

"ಮತ್ತೇನು, ಏಳಿ."

"ಹೆಣದ ಪಾರ್ಟಿಗೆ ಮನಷಾರನ್ನ ಹಾಕಬಾರದಂತ. ಗೊಂಬಿ ತರಸ್ತಾರಂತ."

ಪಿಳ್ಳಮ್ಮ ಅಳಲಿಲ್ಲ. ಬಾಳೆಹಣ್ಣನ್ನು ವಾಪಸು ಅವಳ ಮಡಿಲಿಗೆ ಹಾಕಿದಳು.

ಕೆಲಸ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಮತ್ತೆ ಅದೇ ಫಿನಾಯಿಲ್, ಅದೇ ಟೈಲ್ಸು. ಈಗ ಒರೆಸುವಾಗ ಕಿವಿ ಎಲ್ಲಿಗೂ ಹೋಗುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಇನ್ನೊಂದು ಡ್ರಿಲ್ಲು ಬಂತು. ಮತ್ತೆ ಹಳದಿ ಪಟ್ಟಿ, ಮತ್ತೆ ಹಾರ. ಗೇಟಿಗೆ ಈ ಸಲ ಸರಪಳಿಯನ್ನೂ ಸುತ್ತಿದ್ದರು. ಮೇನ್‌ರೋಡಿಗೆ ಓಡಿಸಿದ ರೋಗಿಗಳು ಬಿಸಿಲು ತಾಳದೆ ತಿರುಗಿ ಬಂದು ಗೋಡೆಯ ನೆರಳಿಗೆ ಕೂತಿದ್ದರು. ಮಕ್ಕಳು ಅಳುತ್ತಿದ್ದವು. ದೊಡ್ಡ ರಟ್ಟಿನ ಡಬ್ಬದಲ್ಲಿ ಗೊಂಬೆ ಬಂತು. ಮೈಬಣ್ಣದ ಪ್ಲಾಸ್ಟಿಕ್ಕು, ಮುಚ್ಚಿದ ಕಣ್ಣು. ಡಬ್ಬ ತಂದ ಹುಡುಗರು ಅದನ್ನು ಅಂಗಳದಲ್ಲಿ ಸುರಿದು ಹೋದರು. ಶಿವಾನಿಯ ಜಾಗಕ್ಕೆ ಬಂದಿದ್ದ ಇನ್ನೊಬ್ಬಳು ಅಬ್ಸರ್ವರ್ ಹೇಳಿದಳು: "ಓಕೆ, ಬಾಡೀನ ಬ್ಯಾಗ್‌ಗೆ ಹಾಕಿ."

ಯಾರೂ ಮುಂದೆ ಬರಲಿಲ್ಲ. ನರ್ಸಿಂಗ್ ಹುಡುಗಿಯರು ಒಬ್ಬರನ್ನೊಬ್ಬರು ತಳ್ಳಿದರು. ವಾರ್ಡ್‌ಬಾಯ್‌ಗೆ ಈಗ ಮಾಲೆ ಇರಲಿಲ್ಲ, ಹೊಸ ಮನೆಯ ಗೃಹಪ್ರವೇಶ ಇತ್ತು. ಶೇಖರಪ್ಪ ತಲೆ ಕೆರೆದುಕೊಂಡು ಕಾರಿಡಾರಿಗೆ ಬಂದ.

"ಪಿಳ್ಳಮ್ಮ, ನಿಮ್ಮೋರ್ನ ಕರಿ. ಎತ್ತಿ ಚೀಲಕ್ಕೆ ಹಾಕ್ಬಿಡಿ. ಸಾಹೇಬ್ರ ಕಾರು ಮಾದಾವರ ದಾಟಿದೆ."

ಪಿಳ್ಳಮ್ಮ ಮಾಪನ್ನು ಗೋಡೆಗೆ ಒರಗಿಸಿದಳು.

"ಬೊಂಬೆ ಅಲ್ವಾ ಸಾ ಅದು?"

"ಹೂಂ, ಬೊಂಬೇನೇ."

"ಪ್ಲಾಸ್ಟಿಕ್ಕು?"

"ಹೂಂ ಕಣೆ, ಪ್ಲಾಸ್ಟಿಕ್ಕು. ನಿಂಗೇನು ಹೆದ್ರಿಕೆನಾ?"

"ಅಂಗಾದ್ರೆ ನೀವೇ ಎತ್ತಿ."

ಶೇಖರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ತಾನು ಸರಿದದ್ದು ಅವನಿಗೇ ಗೊತ್ತಾಗಲಿಲ್ಲ. "ಬೊಂಬೆ ಆದ್ರೂ... ಹೆಣ ಹೆಣಾನೇ ಅಲ್ವೇನೆ. ಬೆಳಗ್ಗೆ ಪೂಜೆ ಮಾಡ್ಕೊಂಡ್ ಬಂದಿದೀನಿ."

"ನನ್ ಮಗಳು ಜೀವ ಇದ್ದಾಗ ನಿಮಗೆ ನಾಟ್ಕ," ಎಂದಳು ಪಿಳ್ಳಮ್ಮ. ಧ್ವನಿ ಏರಲಿಲ್ಲ. "ಈ ಪ್ಲಾಸ್ಟಿಕ್ಕು ನಿಮಗೆ ಎಣ. ನನ್ ಗಂಡ ಒತ್ತ, ಸತ್ತ. ನಾನು ಎಣ ಆದೆ, ನನ್ ಮಗಳು ಸತ್ಲು. ನಾನು ಒರಲ್ಲ. ಈಶಪ್ಪನೂ ಒರಲ್ಲ. ನಮ್ ಕೇರೀಲಿ ಯಾರೂ ಒರಲ್ಲ ಓಗಿ."

"ಕೆಲ್ಸದಿಂದ ಕಿತ್ತಾಕ್ತೀನಿ ಕಣೇ."

"ಕೀಳಿ. ಕಿತ್ಬುಟ್ಟು ಆಮೇಲೆ ನೀವೇ ಒರಿ."

ಅಂಗಳಕ್ಕೆ ಇಳಿದಳು. ಈಶಪ್ಪ ಮತ್ತು ಅವನ ಜೊತೆಯವರು ಪ್ಲಾಸ್ಟಿಕ್ ಕಿಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದವರು ಅವಳ ಮುಖ ನೋಡಿದರು. ಒಬ್ಬೊಬ್ಬರಾಗಿ ಕಿಟ್ಟನ್ನು ನೆಲಕ್ಕೆ ಹಾಕಿದರು. ಗೊಂಬೆ ಬಿಸಿಲಲ್ಲಿ ಬಿದ್ದಿತ್ತು. ಅದರ ಸುತ್ತ ಓದಿದವರು, ಬರೆದವರು, ಬಿಳಿ ಕೋಟಿನವರು ಒಂದು ಮಾರು ದೂರ ಬಿಟ್ಟು ದುಂಡಗೆ ನಿಂತಿದ್ದರು.

ಪಿಳ್ಳಮ್ಮ ಗೊಂಬೆಯನ್ನು ದಾಟಿ ಗೇಟಿಗೆ ಹೋದಳು. ಸರಪಳಿ ಬಿಚ್ಚಿದಳು. ಹೋಂಗಾರ್ಡು ಕೋಲು ಅಡ್ಡ ಹಿಡಿದ. ಅವಳು ಕೋಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಗೇಟು ನೂಕಿದಳು.

"ಒಳಕ್ಕೆ ಬನ್ನಿ," ಎಂದು ಗೋಡೆಯ ನೆರಳಿನವರನ್ನು ಕೂಗಿದಳು. "ಎದ್ದು ಬನ್ನಿ ಎಲ್ರೂವೆ. ಕೆಮ್ಮೋರು ಮುಂದೆ ಬನ್ನಿ."

ಅವರು ಮೊದಲು ಅನುಮಾನಿಸಿದರು. ಆಮೇಲೆ ಬಂದರು. ಎಳೆ ಮಕ್ಕಳ ತಾಯಂದಿರು, ಕೈಗೆ ಬಟ್ಟೆ ಸುತ್ತಿಕೊಂಡ ಗೋಡೌನಿನ ಹಮಾಲರು, ಗೋಡೆ ಹಿಡಿದು ಹಿಡಿದು ನಡೆವ ಮುದುಕರು. ಗೊಂಬೆಯನ್ನು ಸುತ್ತುಬಳಸಿ, ಕೆಲವರು ತುಳಿದು, ಒಳಗೆ ತುಂಬಿಕೊಂಡರು. ಸಾಹೇಬರಿಗೆಂದು ಟವೆಲ್ ಹಾಸಿಟ್ಟಿದ್ದ ಕುರ್ಚಿಯಲ್ಲಿ ಒಬ್ಬಳು ತುಂಬು ಬಸುರಿ ಕೂತು ಏದುಸಿರು ಬಿಟ್ಟಳು. ಗೇಟಿನ ಹೊರಗೆ ಸಾಹೇಬರ ಕಾರು ಜನರ ನಡುವೆ ಸಿಕ್ಕಿಕೊಂಡು ಹಾರ್ನ್ ಬಡಿಯುತ್ತಿತ್ತು.

ಪಿಳ್ಳಮ್ಮ ಡಾಕ್ಟರ ಕೋಣೆಯ ಮುಂದೆ ಬಂದು ನಿಂತಳು. ಬಾಗಿಲು ಒಳಗಿನಿಂದ ಹಾಕಿತ್ತು.

ಅಂಗೈಯಿಂದ ಬಡಿಯತೊಡಗಿದಳು.